ಬಸ್ಸಿನ ಹುಡುಗಿಯರ ಕಬಡ್ಡಿ

ಹುನಗುಂದದ ನಮ್ಮ ಕಾಲೇಜಿನಲ್ಲಿ ಮಧ್ಯಾಹ್ನದ ಕೊನೆಯ ಬೆಲ್ ಹೊಡೆದರೆ ಸಾಕು, ಚಹಾ ಕುಡಿದು ಬರುವಷ್ಟರಲ್ಲಿ ಮೈದಾನ ಖಾಲಿ. ಎಲ್ಲರೂ ಬಸ್ ಸ್ಟ್ಯಾಂಡಿನತ್ತ ಓಟ. ಪದವಿ ಎಂದರೆ ಹಾಜರಿ, ಪಾಠ, ಪರೀಕ್ಷೆ, ಬಸ್ಸು ಇಷ್ಟೇ ಎಂದುಕೊಂಡು ಹೊರಟುಹೋಗುವ ಮಕ್ಕಳನ್ನು ನೋಡಿ ನನಗೆ ಕಸಿವಿಸಿಯಾಗುತ್ತಿತ್ತು.

ನಾನು ಕನ್ನಡ ಕಲಿಸುವವಳು. ದೈಹಿಕ ಶಿಕ್ಷಣದ ಹುದ್ದೆ ಖಾಲಿ ಇದ್ದುದರಿಂದ ಆಟದ ಹೊಣೆಯೂ ನನ್ನ ಕೊರಳಿಗೇ ಬಿದ್ದಿತ್ತು. ಬಾಗಲಕೋಟೆಯಲ್ಲಿ ನಡೆಯುವ ಕಾಲೇಜುಗಳ ಕಬಡ್ಡಿಗೆ ಹುಡುಗಿಯರ ತಂಡ ಕಳಿಸುತ್ತೇನೆ ಎಂದಾಗ ಪ್ರಾಂಶುಪಾಲರು ನಕ್ಕುಬಿಟ್ಟರು.

"ಮೇಡಂ, ಇವ್ರೆಲ್ಲಾ ಬಸ್ಸಿನ ಮಕ್ಕಳ್ರಿ. ಬೆಲ್ ಆದಮ್ಯಾಲ ಒಬ್ಬಾಕಿನ್ನರ ನಿಂದ್ರಸಿ ತೋರಸ್ರಿ ನೋಡೂಣು."

"ತೋರಸ್ತೇನಿ ಸರ."

"ಏಳು ಮಂದಿ ಬೇಕ್ರಿ ಮತ್ತ. ಸೋಮವಾರ ಹೆಸರು ಕಳಸೂದೈತಿ. ಆರಾದ್ರ ನಾ ಸಹಿ ಹಾಕಂಗಿಲ್ಲ."

ನೇರ ತರಗತಿಗೆ ಹೋದೆ. "ಏನವಾ, ನೀವೇನು ಈ ಕಾಲೇಜಿಗಿ ಬೀಗರಾಗಿ ಬಂದೀರೇನು? ಉಂಡು, ಕೈ ತೊಳ್ಕೊಂಡು, ಎಲಿಅಡಕಿ ಹಾಕ್ಕೊಂಡು ಹೊಂಡಾಕ? ಈ ಮೈದಾನ ಯಾರದು? ಆಡುಗೋಳ್ದ?" ಎಂದು ಬಯ್ದೆ. ನಗು ಎದ್ದಿತು. ಹಿಂದಿನ ಬೆಂಚಿನಿಂದ ಬೀರಪ್ಪ ದೇವರ ಒಕ್ಕಲಿನ, ಕುರಿ ಸಾಕುವ ಮನೆಯ ಹುಡುಗಿ ಎದ್ದು ನಿಂತಳು. "ಟಗರು ಹಿಡದಾಕಿ ನಾ. ಈ ಹುಡುಗ್ಯಾರ್ನ ಹಿಡಿಯೂದ್ಯಾವ ಲೆಕ್ಕಾರಿ?" ಅವಳ ಹಿಂದೆ ಐವರು ಎದ್ದರು. ಅಲ್ಲಿಗೆ ಆರು.

ಏಳನೆಯವಳನ್ನು ನಾನು ಮನಸ್ಸಿನಲ್ಲೇ ಆರಿಸಿದ್ದೆ. ಇಳಕಲ್ಲಿನ ನೇಕಾರರ ಮಗಳು. ತುಂಬಿದ ಬಸ್ಸಿನ ಬಾಗಿಲಲ್ಲಿ ಅವಳು ಕಂಬಿ ಹಿಡಿದು ನಿಂತರೆ ಇಡೀ ಊರು ನೂಕಿದರೂ ಕದಲುತ್ತಿರಲಿಲ್ಲ. ಕೇಳಿದರೆ ತಲೆ ತಗ್ಗಿಸಿದಳು.

"ಮನಸೈತ್ರಿ ಮೇಡಂ. ಆದ್ರ ಸಂಜೀಕ ಮಗ್ಗದ ನೂಲು ಸುತ್ತೂದು ನಂದ ಕೆಲಸ. ಅಣ್ಣ ಕ್ರಿಕೆಟ್ಟಿಗಿ ಹೋಗ್ತಾನ. ಅಪ್ಪ ಒಪ್ಪಂಗಿಲ್ಲ." ಆಮೇಲೆ ದನಿ ಇಳಿಸಿ ಹೇಳಿದಳು: "ಐತ್ವಾರ ಮುಂಜಾನೆ ಮನಿಗಿ ಬರ್ರಿ. ಬ್ಯಾರೆ ದಿನ ಬ್ಯಾಡ."

ಹೋದೆ. ಪಡಸಾಲೆಯಲ್ಲಿ ಅಪ್ಪ ಮಗಳು ಎದುರುಬದುರಾಗಿ ಕುಳಿತು ಕೊಂಡಿ ಹಾಕುತ್ತಿದ್ದರು. ಇಳಕಲ್ ಸೀರೆಯ ಒಡಲಿನ ಎಳೆಯನ್ನೂ ಸೆರಗಿನ ಎಳೆಯನ್ನೂ ಒಂದಕ್ಕೊಂದು ಸಿಕ್ಕಿಸಿ ಕೂಡಿಸುವ ಕೆಲಸ ಅದು. ಒಬ್ಬರು ಕೊಡಬೇಕು, ಇನ್ನೊಬ್ಬರು ಸಿಕ್ಕಿಸಬೇಕು. ನಡುವೆ ಕೈಬಿಟ್ಟರೆ ಎಲ್ಲ ಗೋಜಲು.

"ಬರ್ರಿ ಅಕ್ಕಾರ. ಏಳಾಕ ಬರಂಗಿಲ್ಲ, ತಪ್ಪು ತಿಳೀಬ್ಯಾಡ್ರಿ," ಎಂದರು ಅಪ್ಪ, ಎಳೆಯ ಮೇಲಿನ ಕಣ್ಣು ತೆಗೆಯದೆ.

ಅವಳ ತಾಯಿ ಚಹಾ ಕೊಡುತ್ತ ನನ್ನ ಕಿವಿಯಲ್ಲಿ ಉಸುರಿದರು: "ಐತ್ವಾರ ಕೊಂಡಿ ಹಾಕೂ ದಿನಾರಿ. ಬ್ಯಾರೆ ದಿನಾ ಆಗಿದ್ರ ಮಾತು ತಗಿಯೂದ್ರಾಗ ಇವ್ರು ಟಾವೆಲ್ ಹೆಗಲಿಗಿ ಹಾಕ್ಕೊಂಡು ಹೊರಗ ಹೋಗಿಬಿಡ್ತಿದ್ರರಿ." ಹುಡುಗಿ ಭಾನುವಾರವನ್ನೇ ಏಕೆ ಹೇಳಿದಳೆಂದು ಆಗ ತಿಳಿಯಿತು. ನಗು ತಡೆದುಕೊಂಡು ವಿಷಯ ತೆಗೆದೆ.

"ಓದಾಕ ಕಳಿಸೇವ್ರಿ ಅಕ್ಕಾರ, ಮಣ್ಣಾಗ ಹೊಳ್ಳಾಡಾಕಲ್ಲ," ಎಂದರು ಅಪ್ಪ.

"ಬರೇ ಓದಿದ್ರ ಪುಸ್ತಕ ಅಷ್ಟ ಬರತೈತ್ರಿ. ನಾಕು ಮಂದ್ಯಾಗ ನಿಂದ್ರೂದು ಎಲ್ಲಿ ಕಲೀಬೇಕ್ರಿ ಇಕಿ?"

"ಕೈ ಮುರಕೊಂಡು ಬಂದ್ರ ನೂಲು ಯಾರು ಸುತ್ತತಾರ್ರಿ?"

ನಾನು ಬಾಯಿ ತೆರೆಯುವ ಮೊದಲೇ ಮಗಳು ಎಳೆ ಕೊಡುತ್ತ ಕೊಡುತ್ತಲೇ ಅಂದಳು: "ಅಣ್ಣ ಸುತ್ತತಾನ. ಅವನ ಕೈ ಏನು ಮುರದಿಲ್ಲಲ್ಲ, ಅಪ್ಪಾ."

ಅಪ್ಪನ ಬೆರಳು ನಿಂತಿತು. ಅವಳು ಮುಂದಿನ ಎಳೆ ಹಿಡಿದುಕೊಂಡೇ ಕಾದಳು. "ತಗೋ. ನಾ ಹೆಸರು ಕೊಡಾಕಿ. ಅಂವ ಚೆಂಡಿನ ಹಿಂದ ಓಡಿದ್ರ ಆಟ, ನಾ ಓಡಿದ್ರ ಹೊಳ್ಳಾಟ?"

"ನೋಡ್ರಿ ಅಕ್ಕಾರ, ಎದ್ದು ಹೋಗಾಕ ಬರಲಾರದ ಹೊತ್ತು ನೋಡಿ ಹಿಡದಾಳ ನನ್ನ," ಎಂದರು ಅಪ್ಪ.

"ಅದಕ್ಕ ಕಬಡ್ಡಿಗಿ ಬೇಕಾಗ್ಯಾಳ್ರಿ," ಎಂದೆ. ತಾಯಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅಪ್ಪ ನಗಲಿಲ್ಲ. ಉಳಿದ ಎಳೆಗಳನ್ನು ಸಿಕ್ಕಿಸತೊಡಗಿದರು. ಕೊನೆಯದು ಮುಗಿದ ಮೇಲೆ ಎದ್ದು, ಟಾವೆಲ್ ಕೊಡವಿ, ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಮಾತು: "ದಿನಾ ಬರೂ ಬಸ್ಸು ಬಿಟ್ರ ಹುನಗುಂದದಿಂದ ಮುಂದಿನ ಬಸ್ಸು ಎಷ್ಟಕ್ಕೈತ್ರಿ?"

ಸೋಮವಾರ ಏಳು ಹೆಸರು ಮೇಜಿನ ಮೇಲಿಟ್ಟೆ. ಪ್ರಾಂಶುಪಾಲರು ಎರಡು ಸಲ ಓದಿ ಸಹಿ ಹಾಕಿದರು. ಬೆಲ್ ಆಯಿತು. ಇಳಕಲ್ ಬಸ್ಸು ಹಾರ್ನ್ ಹೊಡೆಯುತ್ತ ಹೋಯಿತು. ಮೈದಾನಕ್ಕಿಳಿದಿದ್ದ ಏಳರಲ್ಲಿ ಒಬ್ಬಳೂ ತಿರುಗಿ ನೋಡಲಿಲ್ಲ. ಬಾದಾಮಿ ಬಸ್ಸಿಗೆ ಹೊರಟಿದ್ದ ನಮ್ಮ ಕಾಲೇಜಿನ ನಾಲ್ಕು ಹುಡುಗರು ಹೋಗಲೋ ಬೇಡವೋ ಎನ್ನುತ್ತ ಗೆರೆಯಾಚೆ ನಿಂತು ಅವರನ್ನು ಹುರಿದುಂಬಿಸಿ ಕೂಗು ಹಾಕತೊಡಗಿದರು.

ಪ್ರಾಂಶುಪಾಲರು ಕೀಲಿ ಹಿಡಿದು ಹೊರಗೆ ಬಂದರು. "ಕಾಲೇಜು ಮುಗೀತಲ್ರಿ ಮೇಡಂ. ಗೇಟ್ ಹಾಕೂದೈತಿ."

"ಪಾಠ ಮುಗದಾವ್ರಿ ಸರ, ಕಾಲೇಜಲ್ಲ," ಎಂದು ಕೈ ಚಾಚಿದೆ. "ಕೀಲಿ ಇಲ್ಲಿ ಕೊಟ್ಟು ಹೋಗ್ರಿ."