ಬಲದಿಂದ ತೆರೆಯಬೇಕಾದ ಕಾಮಿಕ್ಸ್

ಮನೆಯಲ್ಲಿ ಮಕ್ಕಳು ಸೂಪರ್‌ಹೀರೋಗಳ ವಿಷಯ ಎತ್ತಿದರೆ ನಾನೂ ನಡುವೆ ಬಾಯಿ ಹಾಕುತ್ತೇನೆ. "ನೀವು ಯಾರೂ ಓದದ ಒಂದು ಸೀರೀಸ್ ಉಂಟು ಮಕ್ಕಳೇ. ವೆರಿ, ವೆರಿ ಅಂಡರ್‌ರೇಟೆಡ್." ಮೊಮ್ಮಗಳು ಕೂಡಲೇ ಫೋನ್ ಕೈಗೆತ್ತಿಕೊಂಡು, "ಹೆಸರು ಹೇಳಿ ಅಜ್ಜಿ, ಹುಡುಕುವ" ಎನ್ನುತ್ತಾಳೆ. ಅಲ್ಲಿಗೆ ನನ್ನ ಶಿಫಾರಸು ನಿಂತುಹೋಗುತ್ತದೆ. ಹೆಸರು ನನಗೆ ಗೊತ್ತಿಲ್ಲ. ಅದು ಅರಬಿಯಲ್ಲಿತ್ತು.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಅಜ್ಜಾವರದಿಂದ ಸುಳ್ಯದ ಕಾನ್ವೆಂಟಿಗೆ ಹೋಗುತ್ತಿದ್ದೆ. ಶಾಲೆ ಬಿಟ್ಟ ಮೇಲೆ ನಮ್ಮೂರ ಕಡೆಯ ಬಸ್ಸಿಗೆ ತುಂಬ ಹೊತ್ತು ಕಾಯಬೇಕಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಹೆಣ್ಣುಮಕ್ಕಳು ನಿಲ್ಲಬಾರದೆಂದು ಸಿಸ್ಟರ್ ಕಟ್ಟಪ್ಪಣೆ ಮಾಡಿದ್ದರಿಂದ ನಾನು ನನ್ನ ಗೆಳತಿಯ ಮನೆಯಲ್ಲಿ ಕಾಯುತ್ತಿದ್ದೆ. ಅವರು ಬ್ಯಾರಿಗಳು, ನಮ್ಮ ಕಡೆಯ ಮುಸ್ಲಿಮರು. ಪಯಸ್ವಿನಿ ಹೊಳೆಗೆ ಇಳಿಯುವ ದಾರಿಯಲ್ಲಿ ಅವರ ಮನೆ. ಅವಳ ತಂದೆ ಗಲ್ಫಿನಲ್ಲಿ ಯಾವುದೋ ಗೋದಾಮಿನಲ್ಲಿ ಕೆಲಸಕ್ಕಿದ್ದರು. ಊರಿಗೆ ಬರುವವರ ಕೈಯಲ್ಲಿ ಬಟ್ಟೆ, ಸೆಂಟು, ಸಾಬೂನು ಕಳಿಸುವಾಗ ಮಗಳಿಗೆಂದು ಕೆಲವು ಕಾಮಿಕ್ಸ್ ಪುಸ್ತಕಗಳನ್ನೂ ಸೇರಿಸಿದ್ದರು.

ಗೆಳತಿಯ ತಾಯಿಯನ್ನು ನಾನೂ ಅವಳಂತೆ ಉಮ್ಮ ಎಂದೇ ಕರೆಯುತ್ತಿದ್ದೆ. ಉಮ್ಮ ಆ ಪುಸ್ತಕಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ ಇಟ್ಟಿದ್ದರು. ಕೈ ತೊಳೆಯದೆ ಮುಟ್ಟುವಂತಿಲ್ಲ. ನೆಲದ ಮೇಲೆ ಇಡುವಂತಿಲ್ಲ. ಮಲಗಿಕೊಂಡು ಓದುವುದಂತೂ ಇಲ್ಲವೇ ಇಲ್ಲ.

"ಉಮ್ಮಾ, ಇದು ಹಾರುವ ಮಕ್ಕಳ ಕಥೆ" ಎಂದು ಗೆಳತಿ ನಗುತ್ತಿದ್ದಳು.

"ಚಿತ್ರ ಎಂತಾದ್ರೂ ಇರ್ಲಿ. ಅಕ್ಷರ ಕುರ್‌ಆನಿನದ್ದೇ ಅಲ್ವಾ? ಕಾಲು ಮಡಚಿ ಕೂತ್ಕೊ ನೀನು."

ನನಗೆ ಇದು ವಿಚಿತ್ರ ಅನ್ನಿಸಲೇ ಇಲ್ಲ. ನಮ್ಮ ಮನೆಯಲ್ಲೂ ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರೇ ಎಲ್ಲರೂ. ಹಾಗಾಗಿ ಬಾವಿಕಟ್ಟೆಯಲ್ಲಿ ಕೈ ತೊಳೆದು, ಲಂಗಕ್ಕೆ ಒರೆಸಿ, ಚಾಪೆಯ ಮೇಲೆ ಚಕ್ಕಳಮಕ್ಕಳ ಕೂತು ನಾವಿಬ್ಬರು ಸೂಪರ್‌ಹೀರೋ ಕಾಮಿಕ್ಸ್ ಓದಿದೆವು. ಓದಿದೆವು ಎನ್ನುವುದೂ ತಪ್ಪೇ. ಅವಳಿಗೆ ಮದ್ರಸದಲ್ಲಿ ಕಲಿತ ಅಕ್ಷರ ಬರುತ್ತಿತ್ತು, ಅರ್ಥ ಬರುತ್ತಿರಲಿಲ್ಲ. ನನಗೆ ಅಕ್ಷರವೂ ಇಲ್ಲ. ಆದರೆ ಶಾಲೆಯ ಲೈಬ್ರರಿಯಲ್ಲಿ ಇಂಗ್ಲಿಷ್ ಕಥೆಗಳನ್ನು ಓದಿ ಓದಿ, ಇಂಥ ಮುಖಭಾವಕ್ಕೆ ಇಂಥ ಮಾತು ಇರಬೇಕು ಎಂಬ ಧೈರ್ಯ ಇತ್ತು. ಅವಳು ತಡವರಿಸಿ ಸದ್ದು ಹೊರಡಿಸುವಳು, ನಾನು ಅದಕ್ಕೆ ಡಯಲಾಗ್ ಕಟ್ಟುವೆ.

ಮೊದಲ ಸಲ ನಾನು ಪುಸ್ತಕವನ್ನು ಎಡದಿಂದ ತೆರೆದಿದ್ದೆ. ನಮಗೆ ಅದೇ ತಾನೆ ಅಭ್ಯಾಸ. ಮೊದಲ ಪುಟದಲ್ಲಿ ಒಬ್ಬಳು ಹುಡುಗಿ ಬ್ಯಾಗು ಹಿಡಿದು ಬಾಗಿಲ ಹೊರಗೆ ನಿಂತಿದ್ದಳು. ಪುಟ ತಿರುಗಿಸುತ್ತ ಹೋದ ಹಾಗೆ ಅವಳು ಒಳಗೆ ಬಂದಳು, ಜಗಳವಾಯಿತು, ಜಗಳ ಮುಗಿಯಿತು, ಕೊನೆಯಲ್ಲಿ ಐದೂ ಮಕ್ಕಳು ಒಂದೇ ಮೇಜಿನ ಸುತ್ತ ಕೂತು ಊಟ ಮಾಡುತ್ತಿದ್ದರು. ಎಷ್ಟು ಚಂದದ ಕಥೆ ಎಂದುಕೊಂಡೆ. ಗೆಳತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನೀನು ಹಿಂದಿನಿಂದ ಮುಂದೆ ಬಂದದ್ದು ಮಾರಾಯ್ತಿ! ಕಾನ್ವೆಂಟಿನಲ್ಲಿ ಇಷ್ಟೇನಾ ಕಲಿಸುದು?"

"ನೀನೂ ಅದೇ ಕಾನ್ವೆಂಟಲ್ವಾ?"

"ನನಗೆ ಎರಡು ಶಾಲೆ ಉಂಟು."

ಅರಬಿಯನ್ನು ಓದುವ ಹಾಗೆ ಬಲದಿಂದ ಓದಿದರೆ ಕಥೆಯೇ ಬೇರೆ. ನಮ್ಮ ವಯಸ್ಸಿನ ಐವರು. ಯಾರಿಗೂ ಉಬ್ಬಿದ ತೋಳಿಲ್ಲ. ಇದನ್ನೇ ನಾನು ಈಗಿನ ಮಕ್ಕಳಿಗೆ ಹೇಳಬೇಕೆಂದಿರುವುದು. ಅವರ ಪವರ್‌ಗಳೆಲ್ಲ ಅವರಿಗೇ ಉಪದ್ರ. ಒಬ್ಬ ಹುಡುಗ ಸಿಟ್ಟು ಬಂದರೆ ಕಲ್ಲಾಗುತ್ತಾನೆ, ಆಮೇಲೆ ಅವನನ್ನು ಮನೆಗೆ ಸಾಗಿಸುವುದೇ ಉಳಿದವರ ಕೆಲಸ. ಒಬ್ಬಳಿಗೆ ಊರಿನ ಮಾತೆಲ್ಲ ಕೇಳಿಸುತ್ತದೆ, ಪಾಪ, ಕಿವಿಗೆ ದಿಂಬು ಒತ್ತಿಕೊಂಡೇ ಮಲಗುತ್ತಾಳೆ. ಅವಳಿಜವಳಿ ಅಣ್ಣತಮ್ಮಂದಿರು ಮಾಯವಾಗುತ್ತಾರೆ, ಆದರೆ ಒಬ್ಬ ಮಾಯವಾದಾಗಲೆಲ್ಲ ಇನ್ನೊಬ್ಬ ಸಿಕ್ಕಿಬೀಳುತ್ತಾನೆ. ಮತ್ತೆ ಆ ಬ್ಯಾಗಿನ ಹುಡುಗಿ, ಹಾರುವವಳು. ಅವಳಿಗೆ ಮನೆಯ ಮಾಡಿನ ಎತ್ತರದಷ್ಟೇ ಹಾರಲು ಬರುವುದು. ಲೋಕವನ್ನು ಕಾಪಾಡಲು ಅದು ಸಾಲದು, ಅಷ್ಟೆತ್ತರದಿಂದ ಬಿದ್ದರೆ ಕಾಲು ಮುರಿಯಲು ಸಾಕು. ಹೋಮ್‌ವರ್ಕ್ ಮುಗಿಸದೆ ಬೈಸಿಕೊಳ್ಳುವ ಸೂಪರ್‌ಹೀರೋಗಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾನು ಎಡದಿಂದ ತೆರೆದದ್ದು ನಮ್ಮಲ್ಲಿದ್ದ ಕೊನೆಯ ಪುಸ್ತಕವನ್ನು. ಅದರ ಕೊನೆಯ ಚಿತ್ರದಲ್ಲಿ ಹಾರುವವಳು ಉಳಿದ ನಾಲ್ವರನ್ನೂ ಬಿಟ್ಟು ಬ್ಯಾಗು ಹಿಡಿದು ಹೊರಡುತ್ತಾಳೆ. ಬಾಗಿಲಲ್ಲಿ ಕಲ್ಲುಹುಡುಗ. ಅವನ ಬಾಯಿಯ ಬಳಿ ಮಾತಿನ ಒಂದು ದೊಡ್ಡ ಬಲೂನು, ಅದರಲ್ಲಿ ಒಂದೇ ಸಾಲು. ಮುಖ ನೋಡಿದರೆ ಗೊತ್ತಾಗುವುದಿಲ್ಲ, ಅವನು ಅರ್ಧ ಕಲ್ಲಾಗಿದ್ದ.

"ವಾಪಸ್ ಬಾ ಅಂತ ಹೇಳಿದ್ದು" ಎನ್ನುತ್ತಿದ್ದೆ ನಾನು.

"ಹೋಗು, ಬರ್ಬೇಡ ಅಂತ ಹೇಳಿದ್ರೆ?"

"ಹಾಗೆ ಯಾರಾದ್ರೂ ಹೇಳ್ತಾರಾ?"

"ನಿನಗೆಂತ ಗೊತ್ತು? ಅವನಿಗೆ ಸಿಟ್ಟು ಬಂದದ್ದು ಕಾಣುದಿಲ್ವಾ?"

ಮೊದಮೊದಲು ಇದು ತಮಾಷೆಯ ಜಗಳವಾಗಿತ್ತು. ಹತ್ತನೆಯ ಪರೀಕ್ಷೆ ಮುಗಿದು ಅವಳಿಗೆ ಮದುವೆ ಗೊತ್ತಾದ ಮೇಲೆ ಅವಳು ಆ ಪುಟವನ್ನು ಪದೇ ಪದೇ ತೆರೆಯತೊಡಗಿದಳು. ಹುಡುಗನಿಗೂ ಗಲ್ಫಿನಲ್ಲೇ ಕೆಲಸ, ಅವಳನ್ನೂ ಕರೆದುಕೊಂಡು ಹೋಗುವವನು. ನಾನು ಪುತ್ತೂರಿನ ಕಾಲೇಜಿಗೆ ಸೇರುವವಳು. "ನಿಜವಾಗಿ ಎಂತ ಬರ್ದಿದ್ದಾರೆ ಅಂತ ಒಮ್ಮೆ ಗೊತ್ತಾಗ್ಬೇಕು ನನಗೆ" ಎಂದಳು ಒಂದು ಸಂಜೆ, ನಗದೆ. ಅರಬಿ ಚೆನ್ನಾಗಿ ಬಲ್ಲ ಅವಳ ಮಾಮ ಮದುವೆಗೆ ಊರಿಗೆ ಬರುವವರಿದ್ದರು. ಅವರಿಂದ ಓದಿಸುವುದೆಂದು ನಾವು ನಿಶ್ಚಯ ಮಾಡಿದೆವು. ಕೊನೆಯ ಸಾಲನ್ನು ಅವರು ಹೇಳುವಾಗ ನಾನೂ ಪಕ್ಕದಲ್ಲಿರಬೇಕು ಎಂಬುದು ಕರಾರು.

ಮಾಮ ಬಂದರೆಂದು ತಿಳಿದ ದಿನವೇ ನಾನು ಓಡಿದೆ. ಮನೆಗೆಲ್ಲ ಹೊಸ ಸುಣ್ಣ. ಮೇಲಿನ ಹಲಗೆಯೂ ಬೆಳ್ಳಗೆ, ಖಾಲಿ.

"ಉಮ್ಮಾ, ಪುಸ್ತಕ?"

"ಸುಣ್ಣ ಬಳಿಲಿಕ್ಕೆ ಕೆಳಗೆ ಇಳಿಸಿದ್ರೆ ಕಟ್ಟು ಇಡೀ ಗೆದ್ದಲು ಮಗಳೇ. ಬೇರೆ ಪುಸ್ತಕ ಆದ್ರೆ ಬಚ್ಚಲಿನ ಒಲೆಗೆ ಹಾಕ್ಬಹುದಿತ್ತು. ಅದನ್ನು ಹಾಕ್ಲಿಕ್ಕೆ ಆಗ್ತದಾ? ಒಳ್ಳೆ ಬಟ್ಟೆಯಲ್ಲಿ ಕಟ್ಟಿ, ಮರ್ಯಾದೆಯಲ್ಲಿ ಹೊಳೆಗೆ ಬಿಟ್ಟೆ."

ಆ ಅಕ್ಷರವಿರುವ ಕಾಗದ ಹಳತಾದರೆ ಅವರಲ್ಲಿ ಹಾಗೆಯೇ. ಸುಡುವುದಿಲ್ಲ, ಎಸೆಯುವುದಿಲ್ಲ, ಹರಿಯುವ ನೀರಿಗೆ ಒಪ್ಪಿಸುತ್ತಾರೆ. ಉಮ್ಮನ ಮುಖದಲ್ಲಿ ಒಂದು ಕೆಲಸವನ್ನು ಸರಿಯಾಗಿ ಮಾಡಿದ ನೆಮ್ಮದಿ ಇತ್ತು. ಯಾರನ್ನು ಬೈಯುವುದು? ಮದರಂಗಿ ಹಚ್ಚಿದ ಕೈಗಳನ್ನು ಗಾಳಿಗೆ ಹಿಡಿದು ಕೂತಿದ್ದ ಗೆಳತಿ ನನ್ನನ್ನು ನೋಡಿ, "ಹಾರುವವಳು ಈಗ ಈಜ್ಲಿಕ್ಕೂ ಕಲ್ತಳು" ಎಂದಳು. ನಾನು ನಗಬೇಕಿತ್ತು. ಮಾಮ ಒಳ್ಳೆಯವರು. "ಕೊಂಡು ಬನ್ನಿ ಮಕ್ಕಳೇ, ಎಂತದು, ಓದುವ" ಎಂದು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ತಯಾರಾಗಿದ್ದರು.

ಆಮೇಲೆ ಅವಳನ್ನು ಕಂಡದ್ದು ಒಮ್ಮೆ ಮಾತ್ರ, ಎಂಬತ್ತರ ದಶಕ ಮುಗಿಯುತ್ತ ಬಂದಾಗ, ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ. ನಾನು ಆಗ ರಾಮಕುಂಜದ ಕಡೆ ಇಂಗ್ಲಿಷ್ ಟೀಚರ್. ಅವಳು ಮಕ್ಕಳು, ಪೆಟ್ಟಿಗೆಗಳ ನಡುವೆ ಸುಳ್ಯದ ಬಸ್ಸಿಗೆ ನಿಂತಿದ್ದಳು. ಕೈ ಹಿಡಿದುಕೊಂಡು ಎಲ್ಲರ ಸುದ್ದಿ ಕೇಳಿದ ಮೇಲೆ ನಾನು ಕೇಳಿಯೇಬಿಟ್ಟೆ.

"ಈಗ ಅರಬಿ ಬರ್ತದಾ ನಿನಗೆ?"

"ಅಂಗಡಿಯವನ ಹತ್ರ ಜಗಳ ಮಾಡುವಷ್ಟು ಬರ್ತದೆ. ಇವರು ಹೆದರಿ ದೂರ ಹೋಗಿ ನಿಲ್ತಾರೆ."

"ಹಾಗಾದ್ರೆ ಆ ಪುಸ್ತಕ?"

ಅವಳ ನಗು ಸಣ್ಣದಾಯಿತು. "ಹೋದ ಕೂಡ್ಲೇ ಹುಡುಕಿದೆ. ಪುಸ್ತಕದ ಅಂಗಡಿಯವ ಹೆಸರೆಂತ ಕೇಳಿದ. ದಿನಾ ಓದಿದ ಹೆಸರು, ನೆನಪಾಗ್ಬೇಕಲ್ಲ! ಹಾರುವ ಹುಡುಗಿ ಅಂತ ಕೈ ಬೀಸಿ ತೋರಿಸಿದೆ. ಅವ ವಿಮಾನದ ಚಿತ್ರದ ಪುಸ್ತಕ ಕೊಟ್ಟ." ಕೊನೆಯ ಮಗುವಿನ ಮೂಗು ಒರೆಸಿ ಮತ್ತೆ ಹೇಳಿದಳು, "ಈಗ ಸಿಕ್ಕಿದ್ರೆ ಒಂದು ನಿಮಿಷ ಸಾಕು ಮಾರಾಯ್ತಿ ನನಗೆ, ಆ ಸಾಲು ಓದ್ಲಿಕ್ಕೆ."

ಅಷ್ಟರಲ್ಲಿ ಬಸ್ಸು ಬಂತು. ಕಿಟಕಿಯಿಂದ ಅವಳು ಏನೋ ಹೇಳಿದಳು, ಇಂಜಿನ್ನಿನ ಗದ್ದಲದಲ್ಲಿ ನಾನು ಸುಮ್ಮನೆ ತಲೆಯಾಡಿಸಿದೆ.

ಗಲ್ಫಿನಿಂದ ಬಂದ ಹಳೆಯ ಪೆಟ್ಟಿಗೆಗಳು ಈಗಲೂ ನಮ್ಮ ಕಡೆಯ ಅಟ್ಟಗಳಲ್ಲಿ ಇರುತ್ತವೆ. ಯಾರ ಮನೆಯಲ್ಲಾದರೂ ಐದು ಮಕ್ಕಳ ಆ ಕಾಮಿಕ್ಸ್ ಉಳಿದಿದ್ದರೆ, ದಯವಿಟ್ಟು ಓದಿ. ಅಷ್ಟು ಒಳ್ಳೆಯ ಸೀರೀಸ್, ಅದನ್ನು ಹೊಗಳಲು ಲೋಕದಲ್ಲಿ ನಾವಿಬ್ಬರೇ ಇದ್ದದ್ದು, ಅರ್ಥ ಗೊತ್ತಿಲ್ಲದವರು. ಕೈ ತೊಳೆದುಕೊಂಡು, ಬಲದಿಂದ ತೆರೆಯಿರಿ. ಬಾಗಿಲಲ್ಲಿ ನಿಂತ ಹುಡುಗ ಏನು ಹೇಳಿದನೆಂದು ಬಲ್ಲವರಿಂದ ಕೇಳಿ ತಿಳಿದುಕೊಳ್ಳಿ. ಅವನು ಹೋಗು ಎಂದೇ ಹೇಳಿದ್ದರೆ, ನನಗೆ ತಿಳಿಸುವುದು ಬೇಡ. ಪುಸ್ತಕವನ್ನು ಒಮ್ಮೆ ಎಡದಿಂದಲೂ ತಿರುಗಿಸಿ ನೋಡಿ. ಹಾಗೆ ಓದಿದರೆ ಅವಳು ಬ್ಯಾಗು ಹಿಡಿದು ಒಳಗೆ ಬರುತ್ತಾಳೆ, ಎಲ್ಲರೂ ಊಟಕ್ಕೆ ಕೂರುತ್ತಾರೆ.