ಗಾಫ್ ಮರದವರೆಗೆ

ಸತ್ತವರು ಬಂದರು, ಕಂಡರು, ಮೈಮುಟ್ಟಿ ಹೋದರು ಎಂಬ ಮಾತನ್ನು ನಾನು ಎಂದೂ ನಂಬಿದವನಲ್ಲ. ನಮ್ಮ ಕಾರ್ಕಳದ ಕಡೆ ಇಂಥ ಕತೆಗಳಿಗೆ ಬರವಿಲ್ಲ. ಮನೆಗೊಂದು ಇರುತ್ತದೆ, ಕೆಲವು ಮನೆಗಳಲ್ಲಿ ಎರಡು. ಯಾರಾದರೂ ಹೇಳಲು ಶುರು ಮಾಡಿದರೆ ಸಾಕು, ಆ ದಿನ ಗಾಳಿ ಇತ್ತಾ, ನೀವು ಹೊಟ್ಟೆಗೆ ತಿಂದಿದ್ದಿರಾ, ಕನ್ನಡಕ ಹಾಕಿಕೊಂಡಿದ್ದಿರಾ ಎಂದು ನಡುವೆ ಬಾಯಿ ಹಾಕಿ ಕತೆಯ ಕತ್ತು ಹಿಸುಕುತ್ತಿದ್ದೆ. ನನ್ನ ಕಸುಬೂ ಅಂಥದ್ದೇ. ಗಾಡಿಯಲ್ಲಿ ಸದ್ದು ಬಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಕ್ಕೇ ಸಿಗುತ್ತದೆ ಎಂದು ನಂಬಿ ಅನ್ನ ತಿನ್ನುವವನು ನಾನು. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ.

ಮಸ್ಕತ್ತಿನ ಹೊರವಲಯದ ರುಸೈಲಿನಲ್ಲಿ ನಾಲ್ಕು ಚಕ್ರದ ಬೈಕುಗಳನ್ನು ಮಾರುವ, ರಿಪೇರಿ ಮಾಡುವ ಅಂಗಡಿಯೊಂದರಲ್ಲಿ ನಾನು ಟೆಕ್ನಿಷಿಯನ್. ಇಲ್ಲಿ ಎಲ್ಲರೂ ಅದನ್ನು ಕ್ವಾಡ್ ಎನ್ನುತ್ತಾರೆ. ಸಮುದ್ರದ ದಂಡೆಯಲ್ಲಿ ಅರ್ಧ ಗಂಟೆಗೆ ಬಾಡಿಗೆ ಕೊಡುವ ಆಟದ ಕ್ವಾಡ್ ಅಲ್ಲ. ಮುಂದೆ ಹಿಂದೆ ಕಬ್ಬಿಣದ ಕ್ಯಾರಿಯರ್ ಇರುವ, ಮರಳಿನಲ್ಲಿ ಹೂತರೆ ಎಳೆದುಕೊಳ್ಳಲು ವಿಂಚ್ ಇರುವ ದುಡಿಯುವ ಗಾಡಿ. ಒಂಟೆ ಸಾಕುವವರು, ಗಿಡುಗ ಸಾಕಿ ಬೇಟೆಗೆ ಹೋಗುವವರು, ವಾದಿ ಎಂದು ಇಲ್ಲಿ ಕರೆಯುವ ಒಣಹೊಳೆಗಳ ಕಲ್ಲುದಾರಿಯಲ್ಲಿ ಸುತ್ತುವ ಶೋಕಿಯವರು ನಮ್ಮ ಗಿರಾಕಿಗಳು.

ನನ್ನನ್ನು ಒಮಾನಿಗೆ ಕರೆಸಿದವರು ನನ್ನ ಹೆಂಡತಿ ಸುಜಾತಳ ಅಣ್ಣ. ಅವರು ಅದೇ ಅಂಗಡಿಯಲ್ಲಿ ಸೇಲ್ಸ್‌ಮನ್. ನಾನು ಅವರನ್ನು ಭಾವ ಎಂದರೆ ಅವರೂ ನನ್ನನ್ನು ಭಾವ ಎನ್ನುತ್ತಿದ್ದರು, ನಮ್ಮಲ್ಲಿ ಹಾಗೆಯೇ. ಅಂಗಡಿಯ ಬಂಗಾಳಿ, ಪಠಾಣ ಕೆಲಸಗಾರರಿಗೆ ಇದು ತಲೆಗೆ ಹೋಗದೆ, ಇಬ್ಬರ ಹೆಸರೂ ಅದೇ ಎಂದು ತಿಳಿದು ಅವರನ್ನು ಬಡಾ ಬಾವಾ, ನನ್ನನ್ನು ಚೋಟಾ ಬಾವಾ ಎಂದು ಕರೆಯುತ್ತಿದ್ದರು. ಹಮ್ರಿಯಾದಲ್ಲಿ ನಮ್ಮ ಫ್ಲ್ಯಾಟಿನ ಕೆಳಗಿನ ಮಹಡಿಯಲ್ಲೇ ಅವರ ರೂಮು. ಹೆಂಡತಿ ಮಕ್ಕಳು ಊರಿನಲ್ಲಿದ್ದುದರಿಂದ ಅವರ ಊಟ ನಮ್ಮಲ್ಲೇ.

ನಮ್ಮಿಬ್ಬರಿಗೂ ಒಂದು ಮುಗಿಯದ ಜಗಳವಿತ್ತು. ಅಂಗಡಿಯಲ್ಲಿ ಎರಡು ಮಾಡೆಲ್ ಹೆಚ್ಚು ಖರ್ಚಾಗುತ್ತಿದ್ದವು. ಒಂದು ಹಸಿರು ಬಣ್ಣದ್ದು, ಭಾರೀ ಮೈಯದು. ಇನ್ನೊಂದು ಕೆಂಪು, ಹಗುರ, ಅಗಲ ಕಡಿಮೆ. ಬೇಟೆಗೂ ಕಾಡುದಾರಿಗೂ ಯಾವುದು ಒಳ್ಳೆಯದು ಎಂದು ಗಿರಾಕಿ ಕೇಳಿದರೆ ಭಾವ ಹಸಿರು ಎನ್ನುತ್ತಿದ್ದರು, ನಾನು ಸರ್ವಿಸಿನ ಬಾಗಿಲಲ್ಲಿ ನಿಂತೇ ಕೆಂಪು ಎನ್ನುತ್ತಿದ್ದೆ. ಹಸಿರು ಗಾಡಿ ನಿಧಾನಕ್ಕೆ ಓಡುವಾಗ ಸದ್ದೇ ಇಲ್ಲ, ಇಳಿಜಾರಿನಲ್ಲಿ ಎಂಜಿನ್ನೇ ಹಿಡಿದು ನಿಲ್ಲಿಸುತ್ತದೆ, ಎಷ್ಟು ಹೊರೆ ಹೇರಿದರೂ ಬೆನ್ನು ಬಗ್ಗುವುದಿಲ್ಲ ಎಂಬುದು ಅವರ ವಾದ. ಕೆಂಪು ಗಾಡಿ ವಾದಿಯ ಬಂಡೆಗಳ ಸಂದಿಯಲ್ಲಿ ನುಸುಳುತ್ತದೆ, ಮರಳಿನಲ್ಲಿ ಹೂತುಹೋಗುವುದಿಲ್ಲ, ಹೂತರೂ ಇಬ್ಬರು ಸೇರಿ ಎತ್ತಬಹುದು ಎಂಬುದು ನನ್ನದು. ಅದಕ್ಕೆ ಅವರು ಮಿಡತೆ ಎಂದು ಹೆಸರಿಟ್ಟಿದ್ದರು. ಅವರ ಹಸಿರು ಗಾಡಿಗೆ ನಾನಿಟ್ಟ ಹೆಸರು ಎಮ್ಮೆ. ಪ್ರಾಯದಲ್ಲಿ ಊರಿನವರ ಜೊತೆ, ಗದ್ದೆಗೆ ನುಗ್ಗುವ ಕಾಡುಹಂದಿಯ ಹಿಂದೆ ರಾತ್ರಿಯೆಲ್ಲ ಅಲೆದವರು ಅವರು. ಯಾವ ಗಾಡಿ ಕಂಡರೂ ಹೊಡೆದ ಹಂದಿಯನ್ನು ಗುಡ್ಡದಿಂದ ಕೆಳಗೆ ತರುತ್ತದೆಯೇ ಎಂದೇ ಅಳೆಯುತ್ತಿದ್ದರು. ಒಮಾನಿ ಗಿರಾಕಿಯ ಮುಂದೆ ಆ ಪ್ರಾಣಿಯ ಹೆಸರು ಎತ್ತುವಂತಿಲ್ಲವಾದ್ದರಿಂದ ಅಲ್ಲಿ ಮಾತ್ರ ಅದು ಆಡಾಗುತ್ತಿತ್ತು.

ನಮ್ಮ ಮಾತು ತುಳು. ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಎಂತ ಭಾವ, ನಿಮ್ಮ ಮಿಡತೆಯ ಹಿಂದೆ ಒಂದು ಹಂದಿ ಕಟ್ಟಿದ್ರೆ ಮುಂದಿನ ಚಕ್ರ ಆಕಾಶ ನೋಡ್ತದೆ” ಎನ್ನುತ್ತಿದ್ದರು.

“ನಿಮ್ಮ ಎಮ್ಮೆ ಹೊಂಡಕ್ಕೆ ಬಿದ್ರೆ ಎತ್ಲಿಕ್ಕೆ ಕ್ರೇನ್ ತರ್ಸಬೇಕು ಮಾರಾಯ್ರೆ” ಎನ್ನುತ್ತಿದ್ದೆ ನಾನು.

ಸುಜಾತ ಅನ್ನ ಬಡಿಸುತ್ತಾ, “ನಿಮ್ಗೆ ಇಬ್ರಿಗೂ ಬೇರೆ ಕೆಲ್ಸ ಇಲ್ಲ” ಎನ್ನುತ್ತಿದ್ದಳು.

ಒಂದು ಶುಕ್ರವಾರ ಅಂಗಡಿಯ ಎರಡು ಡೆಮೊ ಗಾಡಿಗಳನ್ನು ಮರಳಿಗೆ ಒಯ್ದು ಜಗಳ ಬಗೆಹರಿಸಿಬಿಡೋಣ ಎಂದು ಭಾವ ಹೇಳುತ್ತಲೇ ಇದ್ದರು. ಮ್ಯಾನೇಜರನ ಒಪ್ಪಿಗೆಯನ್ನೂ ಪಡೆದಿದ್ದರು. ಮುಂದೂಡಿದವನು ನಾನು. ವಾರಕ್ಕೊಂದು ರಜೆ, ಅದರಲ್ಲಿ ಬಟ್ಟೆ ಒಗೆಯುವುದು, ಸಾಮಾನಿಗೆ ಲುಲು ಮಾರ್ಕೆಟಿಗೆ ಹೋಗುವುದು, ಮಧ್ಯಾಹ್ನ ಒಂದು ನಿದ್ದೆ. ಬರುವ ವಾರ ಭಾವ, ಖಂಡಿತ ಭಾವ ಎನ್ನುತ್ತಾ ಹೆಚ್ಚುಕಡಿಮೆ ಎರಡು ವರ್ಷ ಕಳೆದೆ. ಗಲ್ಫಿನಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಮ್ಮೆ ಅವರು ಬೆಳಿಗ್ಗೆ ಆರಕ್ಕೇ ಟೊಪ್ಪಿ ಹಾಕಿ ನಮ್ಮ ಬಾಗಿಲು ತಟ್ಟಿದರು. ನಾನು ಒಳಗಿನಿಂದಲೇ ತಲೆನೋವು ಎಂದೆ. ತಲೆನೋವು ಇರಲಿಲ್ಲ.

ಆ ವರ್ಷ ಅವರು ರಜೆಯಲ್ಲಿ ಊರಿಗೆ ಹೋದರು. ಹೋಗಿ ಹನ್ನೊಂದನೆಯ ದಿನ, ಅಂಗಳದಲ್ಲಿ ನಿಂತು ಯಾರೊಂದಿಗೋ ಮಾತನಾಡುತ್ತಿದ್ದವರು ಕುಸಿದರಂತೆ, ಆಸ್ಪತ್ರೆ ಮುಟ್ಟಲಿಲ್ಲ. ಸುಜಾತ ಸಿಕ್ಕಿದ ವಿಮಾನಕ್ಕೆ ಹೊರಟಳು. ಭಾವ ರಜೆಯಲ್ಲಿದ್ದುದರಿಂದ ಅಂಗಡಿಯಲ್ಲಿ ಇನ್ನೊಬ್ಬನನ್ನು ಬಿಡುವಂತಿರಲಿಲ್ಲ. ಅವರಿಗಾಗಿ ಹೋಗಲು ಅವರ ರಜೆಯೇ ಅಡ್ಡ ಬಂತು. ಚಿತೆಯನ್ನು ನಾನು ಫೋನಿನಲ್ಲಿ ನೋಡಿದೆ, ಗ್ರೀಸ್ ಮೆತ್ತಿದ ಕೈಯಲ್ಲಿ. ಆಮೇಲೆ ತಿಂಗಳುಗಟ್ಟಲೆ ನನ್ನನ್ನು ಕಾಡಿದ್ದು ಅವರ ಸಾವಿಗಿಂತ ಆ ಒಂದು ಶುಕ್ರವಾರ. ಒಂದೇ ಒಂದು ಬೆಳಿಗ್ಗೆ ಅವರ ಜೊತೆ ಗಾಡಿ ಓಡಿಸಿ ಬರಬೇಕು, ಇನ್ನೇನೂ ಬೇಡ ಎಂದು ಆಸೆಯಾಗುತ್ತಿತ್ತು. ಆಗದ ಮಾತೆಂದು ಗೊತ್ತಿದ್ದರೂ ಆ ಆಸೆ ಹೋಗಲಿಲ್ಲ.

ಚಳಿಗಾಲದಲ್ಲಿ ಸಲೀಂ ಎಂಬ ಗಿರಾಕಿ ಬಂದ. ಬಿದಿಯಾದ ಆಚೆ ಮರಳಿನ ಅಂಚಿನಲ್ಲಿ ಅವನ ಒಂಟೆ ಫಾರ್ಮು. ಅವನ ಬಳಿ ಎರಡು ಗಿಡುಗಗಳಿದ್ದವು. ಊರಿನಲ್ಲಿ ಅವುಗಳನ್ನು ಪಳಗಿಸಿ, ಅನುಮತಿ ಇರುವ ಹೊರದೇಶಕ್ಕೆ ಒಯ್ದು ಬೇಟೆಯಾಡಿ ಬರುವ ಹುಚ್ಚು ಅವನಿಗೆ. ಹಸಿರೋ ಕೆಂಪೋ ಎಂದು ಮೂರು ಸಲ ಬಂದು ನೋಡಿದರೂ ತೀರ್ಮಾನವಾಗಲಿಲ್ಲ. ಎರಡನ್ನೂ ಫಾರ್ಮಿಗೆ ತಂದು ಓಡಿಸಿ ತೋರಿಸಿ ಎಂದ. ಬೇರೆ ಸೇಲ್ಸ್‌ಮನ್ ಇನ್ನೂ ಬಂದಿರಲಿಲ್ಲ, ಮ್ಯಾನೇಜರ್ ನನ್ನನ್ನೇ ಕಳಿಸಿದ. ನಸುಕಿನಲ್ಲೇ ಎರಡು ಗಾಡಿಯನ್ನೂ ಪಿಕಪ್ಪಿಗೆ ಕಟ್ಟಿದ ಟ್ರೇಲರಿಗೆ ಏರಿಸಿ ಒಬ್ಬನೇ ಹೊರಟೆ. ಅದು ಶುಕ್ರವಾರವಲ್ಲ, ಸೋಮವಾರ.

ತಲುಪುವಾಗ ಬಿಸಿಲು ಎಳೆಯದಾಗಿತ್ತು. ರಾತ್ರಿಯ ಇಬ್ಬನಿಗೆ ಮರಳಿನ ಮೇಲುಹೊದಿಕೆ ತೇವವಾಗಿ ಗಟ್ಟಿಯಾಗಿತ್ತು. ಸಲೀಮನ ಬಲಗೈ ಮುರಿದು ಪಟ್ಟಿ ಹಾಕಿದ್ದರಿಂದ ಓಡಿಸುವ ಕೆಲಸ ನನ್ನದೇ. ಅವನು ದೂರಕ್ಕೆ ಕೈ ತೋರಿಸಿದ. ಒಂದಷ್ಟು ಸಮತಟ್ಟು ಮರಳು, ಆಮೇಲೆ ಎತ್ತರ ಕಡಿಮೆಯ ಒಂದು ದಿಬ್ಬ, ಅದರಾಚೆ ಒಂಟಿ ಗಾಫ್ ಮರ. ಮರವನ್ನು ಸುತ್ತಿ ಬಾ, ಎರಡು ಗಾಡಿಯಲ್ಲೂ ಅದೇ ದಾರಿ ಎಂದ. ಎರಡರ ಟಯರಿನ ಗಾಳಿಯನ್ನು ಗೇಜಿನಲ್ಲಿ ನೋಡಿ ಒಂದೇ ಅಳತೆಗೆ ಇಟ್ಟೆ. ಉಪಕರಣದ ಪೆಟ್ಟಿಗೆಯನ್ನು ಪಿಕಪ್ಪಿನಲ್ಲೇ ಬಿಟ್ಟೆ.

ಮೊದಲು ಹಸಿರು ಗಾಡಿಯಲ್ಲಿ ಹೋಗಿ ಬಂದೆ. ಎಲ್ಲವೂ ಸರಿಯಾಗಿತ್ತು. ನಂತರ ಕೆಂಪು.

ಈಗ ಹೇಳುವುದನ್ನು ಅಂದು ಸಲೀಮನಿಗೆ ನಾನು ಹೇಳಲಿಲ್ಲ. ದಿಬ್ಬ ಏರುವಾಗ ಗಾಡಿಯ ಮುಂಭಾಗ ಹಗುರವಾದಂತಾಯಿತು. ಕೆಂಪು ಗಾಡಿಯಲ್ಲಿ ಒಬ್ಬನೇ ಇದ್ದಾಗ ಹಾಗಾಗುವುದಿಲ್ಲ. ಮೈ ತಾನಾಗಿ ಹ್ಯಾಂಡಲಿನ ಮೇಲೆ ಬಾಗಿತು. ದಿಬ್ಬದ ತಲೆಗೆ ಏರಿದಾಗ, “ನೋಡಿದ್ರಾ ಭಾವ, ಹತ್ತಿತಾ ಇಲ್ವಾ?” ಎಂದು ಗಟ್ಟಿಯಾಗಿಯೇ ಹೇಳಿಬಿಟ್ಟೆ. ಅಭ್ಯಾಸಬಲ. ಅವರು ಹೋದ ಮೇಲೂ ವರ್ಕ್‌ಶಾಪಿನಲ್ಲಿ ಎಷ್ಟೋ ಸಲ ಹೀಗೆ ಅವರೊಡನೆ ವಾದಕ್ಕೆ ನಿಲ್ಲುತ್ತಿದ್ದೆ. ಆಮೇಲೆ ಮರದ ಹತ್ತಿರ ಗಾಡಿ ನಿಲ್ಲಿಸಿದೆ. ಮೊದಲ ಸಲ ನಿಲ್ಲಿಸಿರಲಿಲ್ಲ. ಈ ಸಲ ಎಂಜಿನ್ನೂ ಆರಿಸಿ ಸೀಟಿನ ಮೇಲೆಯೇ ಕೂತೆ.  ಭಯವಂತೂ ಆಗಲಿಲ್ಲ. ತಿಂಗಳುಗಳಿಂದ ಎದೆಯ ಮೇಲಿದ್ದ ಕಲ್ಲು ಇಳಿದಂತೆ ಸುಖವಾಗಿತ್ತು. ಎರಡು ನಿಮಿಷ ಇರಬಹುದು, ಹೊತ್ತಾಯಿತೆಂದು ಮರ ಸುತ್ತಿ ಹಿಂದಿರುಗಿದೆ.

ಸಲೀಂ ಚಾಪೆ ಹಾಸಿ, ಖಾವಾ ಎನ್ನುವ ಕಾಫಿ ಮತ್ತು ಖರ್ಜೂರ ಇಟ್ಟಿದ್ದ. ಅಷ್ಟರಲ್ಲಿ ಅವನ ದೊಡ್ಡಪ್ಪ ಒಂಟೆಗಳನ್ನು ಹೊಡೆದುಕೊಂಡು ಮರದ ದಿಕ್ಕಿನಿಂದ ನಡೆದು ಬಂದರು. ಕಳೆದುಹೋದ ಒಂಟೆಗಳನ್ನು ಹೆಜ್ಜೆ ನೋಡಿ ಹುಡುಕಿಕೊಡುವುದೇ ಅವರ ಜೀವಮಾನದ ಕೆಲಸವಂತೆ. ಮರಳಿನ ಗುರುತು ನೋಡಿ ಒಂಟೆ ಗಬ್ಬವೇ, ಕುಂಟೇ ಎಂದು ಹೇಳುವವರು. ನಾನು ಓಡಿಸಿದ್ದನ್ನು ಅವರು ನೋಡಿರಲಿಲ್ಲ. ಬಂದು ಕೂತು, ಫಿಂಜಾನ್ ಎನ್ನುವ ಪುಟ್ಟ ಬಟ್ಟಲೊಂದನ್ನು ತುಂಬಿಸಿ ನನಗೆ ಕೊಟ್ಟು, ಇನ್ನೊಂದನ್ನು ತುಂಬಿಸಿ ಕೈಯಲ್ಲಿ ಹಿಡಿದುಕೊಂಡೇ ಸುತ್ತ ನೋಡಿದರು.

“ವೇನ್ ರಫೀಕಕ್?” ನಿನ್ನ ಜೊತೆಗಾರ ಎಲ್ಲಿ ಎಂದು ಕೇಳಿದರು.

ಯಾರೂ ಇಲ್ಲ, ಒಬ್ಬನೇ ಬಂದೆ ಎಂದೆ. ಅವರು ನನ್ನನ್ನು ಸುಳ್ಳ ಎಂಬಂತೆ ನೋಡಿದರು. ಅಗಲ ಟಯರಿನ ಗಾಡಿಯಲ್ಲಿ ಒಬ್ಬ, ಕಿರಿದಾದ ಟಯರಿನದರಲ್ಲಿ ಇಬ್ಬರು, ಹೋಗುವಾಗ ಇಬ್ಬರು, ಬರುವಾಗ ಒಬ್ಬ ಎಂದರು. ಸಲೀಂ ನಕ್ಕು, ದೊಡ್ಡಪ್ಪನಿಗೆ ವಯಸ್ಸಾಯಿತು ಎಂದು ಹಿಂದಿಯಲ್ಲಿ ನನಗೆ ಹೇಳಿದ. ಆದರೆ ಹಿಂದಿ ಆ ಮುದುಕರಿಗೂ ಬರುತ್ತಿತ್ತು. ಸಿಟ್ಟಾಗಿ ಎದ್ದು, ಯಲ್ಲಾ ಎಂದು ನಮ್ಮಿಬ್ಬರನ್ನೂ ಎಬ್ಬಿಸಿ ಕರೆದೊಯ್ದರು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ನಾನು ಪ್ರಮಾಣಿಸಿಯೇ ನೋಡಿದೆ. ಸಮತಟ್ಟು ನೆಲದಲ್ಲಿ ಕೆಂಪು ಗಾಡಿ ಹೋದ ಗುರುತು, ಪಕ್ಕದಲ್ಲೇ ಅದು ಬಂದ ಗುರುತು. ಹೋದದ್ದು ಬೆರಳಿನ ಒಂದು ಗಂಟಿನಷ್ಟು ಆಳ, ಬಂದದ್ದು ಅದರ ಅರ್ಧ. ಇಬ್ಬನಿ ಆರಿದ ಮರಳಿನಲ್ಲಿ ಟಯರು ಹೆಚ್ಚು ಇಳಿಯುತ್ತದೆ ಎಂದು ನಾನು ವಾದಿಸಿದೆ. ಹಾಗಿದ್ದರೆ ಬಿಸಿಲೇರಿದ ಮೇಲೆ ಬಂದ ಗುರುತೇ ಆಳವಾಗಿರಬೇಕಲ್ಲ ಎಂದರು ಅವರು.  ಮರದ ಕೆಳಗೆ ಗಾಡಿ ನಿಂತ ಜಾಗ ತೋರಿಸಿದರು. ನಾಲ್ಕು ಚಕ್ರ ಒತ್ತಿದ ಗುರುತಿತ್ತು. ಅಲ್ಲಿಂದ ಮುಂದೆ ಗುರುತು ತೆಳು. ಇಲ್ಲಿ ಒಬ್ಬ ಇಳಿದ ಎಂದರು. ಇಳಿದವನ ಹೆಜ್ಜೆ ಎಲ್ಲಿ ಎಂದು ಸಲೀಂ ಕೇಳಿದ. ಮುದುಕರು ಬಗ್ಗಿ ಬಹಳ ಹೊತ್ತು ಹುಡುಕಿದರು. ಹೆಜ್ಜೆ ಇರಲಿಲ್ಲ. ಎದ್ದು ನಿಂತು ಬಾಯೊಳಗೇ ಏನೋ ದೇವರ ಹೆಸರು ಹೇಳಿದರು, ಮತ್ತೆ ಆ ವಿಷಯ ಎತ್ತಲಿಲ್ಲ.

ಅವರು ಎತ್ತಿದ್ದು ಬೇರೆ ಮಾತು. ಇಬ್ಬರನ್ನು ಹೊತ್ತೂ ಈ ಚಿಕ್ಕ ಗಾಡಿ ದಿಬ್ಬದಲ್ಲಿ ಒಮ್ಮೆಯೂ ಜಾರಿಲ್ಲ, ಇದನ್ನೇ ತೆಗೆದುಕೋ ಎಂದರು ಸಲೀಮನಿಗೆ. ಅವನು ಕೆಂಪನ್ನೇ ಕೊಂಡ. ಹಿಂದೆ ಜನ ಕೂರಿಸಬೇಡಿ, ಇದು ಒಬ್ಬರ ಗಾಡಿ ಎಂದು ಗಿರಾಕಿಗಳಿಗೆ ಬಯ್ಯುತ್ತಿದ್ದ ಭಾವ, ಕೂರುವುದಿದ್ದರೆ ತಮ್ಮ ಎಮ್ಮೆಯನ್ನು ಬಿಟ್ಟು ನನ್ನ ಮಿಡತೆಯ ಬೆನ್ನಿಗೆ ಯಾಕೆ ಕೂತಾರು? ದಾರಿಯುದ್ದಕ್ಕೂ ಇದೇ ಯೋಚನೆ. ಅಂಗಡಿಗೆ ಮರಳಿ ಗೇಜನ್ನೂ ಪರೀಕ್ಷಿಸಿದೆ. ಸರಿಯಾಗಿತ್ತು. ಅಲ್ಲಿ ಮೊಬೈಲಿನಲ್ಲಿ ತೆಗೆದ ಗುರುತುಗಳ ಚಿತ್ರಗಳಲ್ಲಿ ಏನೂ ತಿಳಿಯುವುದಿಲ್ಲ, ಬರೀ ಮರಳು. ಮುದುಕರ ಕಣ್ಣು ತಪ್ಪಿರಬಹುದು, ಹೋಗುವಾಗ ನಾನು ವೇಗ ಹೆಚ್ಚು ಕೊಟ್ಟಿರಬಹುದು. ಇಷ್ಟು ವರ್ಷವಾದರೂ ಇದೇ ಸರಿ ಎಂದು ಒಂದು ಕಾರಣದ ಮೇಲೆ ಕೈಯಿಡಲು ನನಗೆ ಆಗಿಲ್ಲ.

ಸುಜಾತಳಿಗೆ ತಿಂಗಳ ಮೇಲೆ ಹೇಳಿದೆ. ಅವಳು ಗಾಳಿಯನ್ನಾಗಲಿ ಮರಳನ್ನಾಗಲಿ ಕೇಳಲಿಲ್ಲ. ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು.

“ನೀವು ಅಣ್ಣನತ್ರ ಎಂತ ಮಾತಾಡಿದ್ರಿ?”

ನೋಡಿದ್ರಾ ಭಾವ, ಹತ್ತಿತಾ ಇಲ್ವಾ ಎಂದೆ, ಅಷ್ಟೇ, ಎಂದೆ.

“ಮರದ ಹತ್ರ ಅಷ್ಟು ಹೊತ್ತು ಕೂತ್ರಿ. ಒಮ್ಮೆ ಹಿಂದೆ ತಿರುಗಿ ನೋಡ್ಲಿಲ್ವಾ?”

ನೋಡಲಿಲ್ಲ. ನೋಡಬೇಕೆಂದು ಹೊಳೆಯಲೇ ಇಲ್ಲ. ನಾನು ಅಷ್ಟು ಆಸೆಪಟ್ಟ ಬೆಳಿಗ್ಗೆ ಅದೇ ಆಗಿದ್ದರೆ, ಅದರಲ್ಲಿ ನಾನು ಆಡಿದ್ದು ಒಂದೇ ಮಾತು, ಅದೂ ಜಗಳ ಗೆಲ್ಲುವ ಮಾತು. ತಿರುಗಿದ್ದರೆ ಬಹುಶಃ ಖಾಲಿ ಕ್ಯಾರಿಯರೇ ಕಾಣುತ್ತಿತ್ತು. ಹಾಗೆ ಕಂಡಿದ್ದರೂ ನನಗೆ ಇಷ್ಟು ನೋವಾಗುತ್ತಿರಲಿಲ್ಲ.