ಡ್ರೆಸ್ಡೆನ್‌ನಲ್ಲಿ ಸುಲ್ತಾನನ ಪಾಲಿನ ಬಿಯರ್

ಶನಿವಾರ ಬೆಳಿಗ್ಗೆ ಏಳಕ್ಕೆ ಡಾರ್ಮ್‌ಸ್ಟಾಟ್ ಬಿಟ್ಟೆವು. ಫ್ರಾಂಕ್‌ಫರ್ಟ್‌ನಲ್ಲಿ ರೈಲು ಬದಲಿಸಿ ಡ್ರೆಸ್ಡೆನ್‌ಗೆ ಐದೂವರೆ ತಾಸು, ತಲೆಗೆ ಮೂವತ್ತು ಯೂರೋ. ನಾನು, ಹೆಂಡತಿ ಶೋಭಾ, ನನ್ನ ಆಫೀಸಿನ ಕೇತಿ, ಅವಳು ಮದುವೆಯಾಗಬೇಕೆಂದಿದ್ದ ಹುಡುಗ ಎಮ್ರೆಯ ತಂದೆ ಹಸನ್. ಕೇತಿ ಜಾರ್ಜಿಯಾದವಳು, ಹಸನ್ ತುರ್ಕಿಯವರು. ಡ್ರೆಸ್ಡೆನ್‌ನಲ್ಲಿರುವ ಕೇತಿಯ ಅಪ್ಪ ಓತಾರ್ ಮದುವೆಗೆ ಇನ್ನೂ ಹೂಂ ಅಂದಿರಲಿಲ್ಲ.

"ಇವತ್ತು ಊಟಕ್ಕೆ ಕರೆದಿದ್ದಾರೆ. ಅಪ್ಪ ಹಸನ್ ಹೆಸರಲ್ಲಿ ವೈನ್ ಲೋಟ ಎತ್ತಿ ಹರಸಿದರೆ ಒಪ್ಪಿದ ಹಾಗೆ," ಎಂದಳು ಕೇತಿ.

ಓತಾರ್ ಇತಿಹಾಸದ ಮೇಷ್ಟ್ರಾಗಿದ್ದವರು. ಅವರಿಗೆ ತುರ್ಕರು ದಂಡೆತ್ತಿ ಬಂದ ಹನ್ನೊಂದನೆಯ ಶತಮಾನ ಮೊನ್ನೆ ಮೊನ್ನೆಯದು. ವಿಜಯಪುರದಲ್ಲಿ ಬೆಳೆದ ನನಗೋ ದಂಡಯಾತ್ರೆ ಅಂದರೆ ಕಿವಿ ನಿಮಿರುತ್ತದೆ, ಕೇತಿಯನ್ನು ಕೇಳಿಯೇ ಬಿಟ್ಟೆ. ಸೆಲ್ಜುಕ್ ತುರ್ಕರು ದನಕರು, ಡೇರೆಗಳ ಸಮೇತ ಬಂದು ಜಾರ್ಜಿಯಾದ ಕಣಿವೆಗಳಲ್ಲೇ ಬೀಡುಬಿಟ್ಟರಂತೆ. ಬೆಟ್ಟಕ್ಕೆ ಓಡಿದ ಜನ ಹಿಮದಲ್ಲಿ ಹಸಿದು ಸತ್ತರು. ಕೊನೆಗೆ ಅರಸನೇ ಸುಲ್ತಾನನ ಬಳಿ ಹೋಗಿ ಕಪ್ಪ ಒಪ್ಪಿಕೊಂಡ. ಆ ವರ್ಷಗಳಿಗೆ ಜಾರ್ಜಿಯಾದವರು ಇಟ್ಟ ಹೆಸರು 'ದಿದಿ ತುರ್ಕೋಬ', ತುರ್ಕರ ಮಹಾದಾಳಿಯ ಕಾಲ.

ಹಸನ್ ಟೈ ಸರಿಮಾಡಿಕೊಂಡರು. "ನನಗೆ ಇದ್ಯಾವುದೂ ಗೊತ್ತಿಲ್ಲ. ಮೂವತ್ತು ವರ್ಷ ಟ್ರಾಮ್ ಓಡಿಸಿದವನು ನಾನು."

"ರೀ, ಅಲ್ಲಿ ಹೋಗಿ ಇದನ್ನೆಲ್ಲಾ ಕೆದಕಬ್ಯಾಡ್ರಿ," ಎಂದಳು ಶೋಭಾ. "ಮಾತು ಮನಿ ಕೆಡಿಸ್ತು, ತೂತು ಒಲಿ ಕೆಡಿಸ್ತು."

ಲೈಪ್‌ಜಿಗ್ ದಾಟುತ್ತಲೇ ಜಿಟಿಜಿಟಿ ಮಳೆ. ಎಮ್ರೆ ಸ್ಟೇಷನ್ನಿಗೆ ಬಂದಿದ್ದ, ಪಾಪ, ಎರಡು ರಾತ್ರಿ ನಿದ್ದೆಗೆಟ್ಟ ಮುಖ. ಓತಾರ್ ಮನೆ ಮೂರನೇ ಮಹಡಿ. ಮೇಜಿನ ತುಂಬ ಚೀಸ್ ತುಂಬಿದ ರೊಟ್ಟಿ, ರಾಜ್ಮಾ, ಅಕ್ರೋಟು ಅರೆದು ತುಂಬಿದ ಬದನೆಕಾಯಿ. ನಮ್ಮ ಎಣಗಾಯಿಯ ತಂಗಿ ಇದು! ಓತಾರ್ ಎದ್ದು ಲೋಕಶಾಂತಿಗೆ ವೈನ್ ಎತ್ತಿದರು, ತೀರಿಕೊಂಡ ಹೆಂಡತಿಗೆ ಎತ್ತಿದರು, ಭಾರತದಿಂದ ಬಂದ ನಮಗೂ ಎತ್ತಿದರು. ಹಸನ್ ಹೆಸರು ಬರಲೇ ಇಲ್ಲ. ಕೇತಿ ತಟ್ಟೆ ನೋಡುತ್ತ ಕುಳಿತಳು.

ನನಗೆ ಸಂಕಟವಾಯಿತು. ವೈನ್ ಕುಡಿಯದ ನಾನು ಆಲ್ಕೋಹಾಲ್ ಇಲ್ಲದ ಬಿಯರ್ ಎರಡು ಬಾಟಲಿ ತಂದಿದ್ದೆ. ಒಂದನ್ನು, ತಾವೂ ಕುಡಿಯದ ಹಸನ್ ಕೈಗಿತ್ತು, "ಓತಾರ್ ಮನೆತನಕ್ಕೆ!" ಎಂದು ಎದ್ದುನಿಂತೆ. ಹಸನ್ ಕೂಡ ಎದ್ದು ಬಾಟಲಿ ಎತ್ತಿದರು. ಓತಾರ್ ತಮ್ಮ ಲೋಟ ಕೆಳಗಿಟ್ಟರು.

"ಬಿಯರ್ ಎತ್ತೋದು ನಮ್ಮಲ್ಲಿ ಶತ್ರುಗಳಿಗೆ ಮಾತ್ರ," ಕೇತಿ ಪಿಸುಗುಟ್ಟಿದಳು. ಶೋಭಾ ನನ್ನ ತೊಡೆ ಚಿವುಟಿದಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಹಸನ್ ಬಾಟಲಿ ಇಳಿಸಿದರು. "ಎಂಟ್‌ಶುಲ್ಡಿಗುಂಗ್, ಕ್ಷಮಿಸಿ. ನನಗೆ ತಿಳಿದಿರಲಿಲ್ಲ."

ಓತಾರ್ ಮೆಲ್ಲಗೆ ಕೈಚಾಚಿ ಹಸನ್ ಬಾಟಲಿ ತೆಗೆದುಕೊಂಡರು. "ಹಾಗಿದ್ದರೆ ಇದು ನಮ್ಮಿಂದ ಕಪ್ಪ ಕಿತ್ತ ಆ ಸುಲ್ತಾನನಿಗೆ!" ಎಂದು ಒಂದು ಗುಟುಕು ಹೀರಿದರು.

ಹಸನ್ ನನ್ನ ಬಾಟಲಿ ಕಸಿದುಕೊಂಡರು. "ನನ್ನದೂ ಅವನಿಗೇ! ನಮ್ಮ ಹಳ್ಳಿಯವರನ್ನು ಮಾತ್ರ ಅವನು ಸುಮ್ಮನೆ ಬಿಟ್ಟಿದ್ದನೇ?"

ಓತಾರ್ ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ಹಸನ್ ಲೋಟಕ್ಕೆ ಚೆರ್ರಿ ರಸ, ತಮ್ಮದಕ್ಕೆ ವೈನ್ ಸುರಿದು, ಹಸನ್ ಹೆಸರು ಹೇಳಿ ಎತ್ತಿದರು. ಕೇತಿ ಅಡುಗೆಮನೆಗೆ ಓಡಿಹೋಗಿ ಅತ್ತಳು.

ಭಾನುವಾರ ವಾಪಸು ರೈಲು ಹತ್ತಿದವರು ನಾವು ಮೂವರೇ. ಹಸನ್ ಟಿಕೆಟ್ ಹೋದರೆ ಹೋಗಲಿ ಎಂದು ಉಳಿದುಕೊಂಡರು. ಓತಾರ್ ಹೇಳುತ್ತಿದ್ದ ಕಥೆ ಇನ್ನೂ ಹನ್ನೆರಡನೆಯ ಶತಮಾನಕ್ಕೆ ಬಂದಿರಲಿಲ್ಲವಂತೆ.